ಪಕ್ಕದಲ್ಲಿ ಕೂರುವ ಸಾಲ

ಲೋಲಾಕ್ಷಿ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನೀವು ನಂಬಲಿಕ್ಕಿಲ್ಲ. ಅವಳಿಗೆ ಇರುವುದು ಹೊಟ್ಟೆಕಿಚ್ಚು ಒಂದೇ. ಕೆಲವರಿಗೆ ಮಂಡಿನೋವು, ಕೆಲವರಿಗೆ ಸಕ್ಕರೆ ಕಾಯಿಲೆ ಇದ್ದ ಹಾಗೆ ಅವಳಿಗೆ ಇದು. ಮಂಗಲ್ಪಾಡಿಯಲ್ಲಿ ಬೀಡಿ ಕಟ್ಟಿ ಮನೆ ನಡೆಸಿದ ತಾಯಿಯ ಮೂವರು ಹೆಣ್ಣುಮಕ್ಕಳಲ್ಲಿ ಅವಳು ನಡುವಿನವಳು. ಹೊಸ ಲಂಗ ಅಕ್ಕನಿಗೆ, ಮುದ್ದು ತಂಗಿಗೆ, ಇವಳಿಗೆ ಅಕ್ಕ ಬಿಟ್ಟ ಲಂಗ. ಶಾಲೆಯಲ್ಲಿ ಪಕ್ಕದ ಹುಡುಗಿ ಹೂವಿನ ಚಿತ್ರದ ಕೊಡೆ ತಂದಳೆಂದು, ತನ್ನ ಕಪ್ಪು ಕೊಡೆಯನ್ನು ಬೇಕೆಂದೇ ಬೆಂಚಿನ ಅಡಿ ಬಿಟ್ಟು ನೆನೆದುಕೊಂಡು ಮನೆಗೆ ಹೋದವಳು. ಇದನ್ನು ಅವಳೇ ನನಗೆ ಹೇಳಿದ್ದು. ಹೇಳುವಾಗ ಅವಳು ನಗಲಿಲ್ಲ. ಆ ಹೂವಿನ ಕೊಡೆಯ ಮೇಲೆ ಅವಳಿಗೆ ಇನ್ನೂ ಸಿಟ್ಟಿತ್ತು.

ನಾನು ಪ್ರೇಮಾವತಿ, ಮಂಗಳೂರಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಬೆಳಗಿನ ಪ್ಯಾಸೆಂಜರ್ ರೈಲಿನ ಲೇಡೀಸ್ ಬೋಗಿಗೆ ಕುಂಬಳೆಯಲ್ಲಿ ಹತ್ತುತ್ತೇನೆ. ಉಪ್ಪಳದಲ್ಲಿ ಲೋಲಾಕ್ಷಿ ಹತ್ತುತ್ತಾಳೆ, ಮಂಜೇಶ್ವರದಲ್ಲಿ ದೀಪ್ತಿ. ಮೊದಲು ಬರುವವಳು ನಾನಾದ್ದರಿಂದ ಸೀಟು ಹಿಡಿಯುವ ಕೆಲಸ ನನ್ನದು. ಎದುರು ಸೀಟಿನ ಮೇಲೆ ಕೊಡೆ, ಟಿಫಿನ್ ಚೀಲ ಇಟ್ಟು ಮುಖ ಗಂಟು ಹಾಕಿ ಕೂತರೆ ಯಾರೂ ಹತ್ತಿರ ಬರುವುದಿಲ್ಲ. ಸೀಸನ್ ಟಿಕೆಟಿನ ನಾವು ಇಪ್ಪತ್ತು ಚಿಲ್ಲರೆ ಹೆಂಗಸರು ಆ ಬೋಗಿಯಲ್ಲೇ ಅರ್ಧ ಸಂಸಾರ ಮಾಡುತ್ತೇವೆ. ನರ್ಸುಗಳಿದ್ದಾರೆ, ಬಟ್ಟೆ ಅಂಗಡಿಯ ಹುಡುಗಿಯರಿದ್ದಾರೆ, ಟೀಚರುಗಳಿದ್ದಾರೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ, ಬೋಗಿಯಲ್ಲಿ ಎಲ್ಲವನ್ನೂ ಕಲಸಿ ಮಾತಾಡುತ್ತೇವೆ. ನೈಟಿ ಮಾರುವವಳಿಂದ ಕಂತಿನಲ್ಲಿ ನೈಟಿ ಕೊಳ್ಳುವುದು ಅಲ್ಲೇ, ಬಸುರಿಯಾದವಳಿಗೆ ಬಳೆ ತೊಡಿಸುವುದೂ ಅಲ್ಲೇ. ಒಬ್ಬಳ ಕೈಯಲ್ಲಿ ಹೊಸ ವಸ್ತು ಕಂಡರೆ ಮುಂದಿನ ಸ್ಟೇಷನ್ ಬರುವುದರೊಳಗೆ ಅದರ ಬೆಲೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಲೋಲಾಕ್ಷಿ ಕೆಲಸ ಮಾಡುವುದು ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ. ಗಂಡ ಯೋಗೀಶ ಉಪ್ಪಳ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಾನೆ. ಒಬ್ಬಳೇ ಮಗಳು ಮೋಕ್ಷಿತಾ, ಪ್ಲಸ್ ಟೂ ಓದುತ್ತಿದ್ದಳು. ದೊಡ್ಡ ಸಂಬಳವಲ್ಲ, ಆದರೆ ಊಟಕ್ಕೆ ತಾಪತ್ರಯವೂ ಇರಲಿಲ್ಲ. ದೀಪ್ತಿ ಇಲ್ಲದ ಬೋಗಿಯಲ್ಲಿ ಓಡಾಡಿದ್ದರೆ ಅವಳು ನೆಮ್ಮದಿಯಾಗಿಯೇ ಇರುತ್ತಿದ್ದಳು.

ದೀಪ್ತಿ ಕಾಲೇಜಿನಲ್ಲಿ ಪಾಠ ಮಾಡುವವಳು. ಬಾಯಾರು ಕಡೆಯ ತೋಟದ ಮನೆಯ ಮಗಳು, ಮಂಜೇಶ್ವರದ ಸೊಸೆ. ಗಂಡ ಕಾರಿನಲ್ಲಿ ಸ್ಟೇಷನ್ನಿಗೆ ಬಿಟ್ಟುಹೋಗುತ್ತಾನೆ. ಹತ್ತುವಾಗ ಬೆವರಿರುವುದಿಲ್ಲ, ಇಳಿಯುವಾಗ ಸೀರೆ ಮುದುಡಿರುವುದಿಲ್ಲ. ಹೇಗೆ ಅಂತ ನನಗೂ ಗೊತ್ತಿಲ್ಲ. ಮಾತು ಮೆತ್ತಗೆ. ಲೋಲಾಕ್ಷಿಯನ್ನು ‘ಲೋಲಾಕ್ಷಕ್ಕ’ ಎಂದು ಕರೆಯುತ್ತಾಳೆ. ಲೋಲಾಕ್ಷಿ ವಯಸ್ಸಿನಲ್ಲಿ ದೊಡ್ಡವಳಾದರೂ ಅವಳನ್ನು ‘ಟೀಚರೇ’ ಎನ್ನಬೇಕು. ಅದೂ ಒಂದು ಉರಿ.

ದೀಪ್ತಿ ಹೊಸ ವಾಚು ಕಟ್ಟಿಕೊಂಡು ಬಂದರೆ ಲೋಲಾಕ್ಷಿ ಅದರ ಬೆಲೆ ಕೇಳುತ್ತಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದಳು. ಮುಂದಿನ ವಾರ ಅವಳ ಕೈಯಲ್ಲಿ ಅದಕ್ಕಿಂತ ಸ್ವಲ್ಪ ಅಗಲದ ವಾಚು. ದೀಪ್ತಿಯ ಹೆಗಲಿಗೆ ತೊಗಲಿನ ಚೀಲ ಬಂದರೆ ಇವಳದಕ್ಕೆ ಎರಡು ಜಿಪ್ ಹೆಚ್ಚು. ಆಗ ದೀಪ್ತಿ ಚೀಲವನ್ನು ಮುಟ್ಟಿ ನೋಡಿ ತುಂಬ ಚೆಂದ ಉಂಟು ಎಂದು ಮನಸ್ಸಿನಿಂದಲೇ ಹೊಗಳುತ್ತಿದ್ದಳು. ಹೊಗಳಿದರೆ ಇವಳಿಗೆ ಮತ್ತಷ್ಟು ಉರಿ. ‘ಅವಳಿಗೆ ನನ್ನ ಮೇಲೆ ಒಂದು ಚೂರೂ ಹೊಟ್ಟೆಕಿಚ್ಚಿಲ್ಲವಲ್ಲ’ ಎಂದು ಲೋಲಾಕ್ಷಿ ನನ್ನ ಹತ್ತಿರ ದೂರುತ್ತಿದ್ದಳು.

ಈ ಪೈಪೋಟಿಗೆ ಹಣ ಎಲ್ಲಿಂದ ಬಂತು ಎಂದರೆ, ಕಾರ್ಡಿನಿಂದ. ಆಸ್ಪತ್ರೆಯ ಬಾಗಿಲಲ್ಲಿ ಒಂದು ಬ್ಯಾಂಕಿನವರು ಮೇಜು ಹಾಕಿ ಕೂತಿದ್ದರು. ಟೈ ಕಟ್ಟಿದ ಹುಡುಗ ಲೋಲಾಕ್ಷಿಯನ್ನು ‘ಮೇಡಂ’ ಎಂದ. ಅವಳ ಜೀವನದಲ್ಲಿ ಅವಳನ್ನು ಮೇಡಂ ಎಂದವರು ಕಡಿಮೆ. ನಿಮ್ಮ ಗುರುತಿನವರು ಒಬ್ಬರ ಹೆಸರು, ನಂಬರು ಕೊಡಿ ಎಂದು ಅವನು ಕೇಳಿದಾಗ ಲೋಲಾಕ್ಷಿ ದೀಪ್ತಿಯ ಹೆಸರು ಬರೆಸಿದಳು. ಕಾಲೇಜು ಲೆಕ್ಚರರ್, ನನ್ನ ಫ್ರೆಂಡು ಎಂದಳಂತೆ. ಅದನ್ನು ಆ ಸಂಜೆಯೇ ನನಗೆ ಹೇಳಿ ಹೆಮ್ಮೆಪಟ್ಟಳು. ಯಾರ ಮೇಲೆ ಹೊಟ್ಟೆಕಿಚ್ಚೋ ಅವರ ಹೆಸರನ್ನೇ ಬೇಕಾದಾಗ ತೋರಿಸಿಕೊಳ್ಳುವುದು ನಮ್ಮಲ್ಲಿ ಹೊಸತೇನಲ್ಲ.

ಬೋಗಿಯಲ್ಲಿ ಕ್ರೆಡಿಟ್ ಕಾರ್ಡ್ ಇದ್ದವರು ಆಗ ಇಬ್ಬರೋ ಮೂವರೋ. ದೀಪ್ತಿಯ ಹತ್ತಿರ ಇತ್ತು, ಆದರೆ ಅವಳು ಅದನ್ನು ಹೊರಗೆ ತೋರಿಸುತ್ತಿರಲಿಲ್ಲ. ಲೋಲಾಕ್ಷಿ ತೋರಿಸಿದಳು. ಕಾರ್ಡಿನಲ್ಲಿ ಕೊಂಡರೆ ಆಫರ್ ಉಂಟು ಎಂದು ಗೊತ್ತಾದದ್ದೇ, ಒಬ್ಬೊಬ್ಬರಾಗಿ ಅವಳ ಹತ್ತಿರ ಬರಲು ಸುರು ಮಾಡಿದರು. ಒಬ್ಬಳಿಗೆ ಮಿಕ್ಸಿ, ಒಬ್ಬಳಿಗೆ ಕುಕ್ಕರು, ಮತ್ತೊಬ್ಬಳಿಗೆ ಗಂಡನ ಮೊಬೈಲು. ಲೋಲಾಕ್ಷಿ ಕಾರ್ಡಿನಲ್ಲಿ ತರಿಸಿಕೊಡುವುದು, ಅವರು ತಿಂಗಳು ತಿಂಗಳು ನಗದು ಕೊಡುವುದು. ಬೋಗಿಯಲ್ಲಿ ಅವಳು ನಡೆದು ಬಂದರೆ ಜಾಗ ಸರಿಸಿ ಕೂರಿಸುವವರಾದರು. ದೀಪ್ತಿಗೆ ಹಾಗೆ ಯಾರೂ ಜಾಗ ಸರಿಸುತ್ತಿರಲಿಲ್ಲ. ಅದನ್ನು ಲೋಲಾಕ್ಷಿ ಗಮನಿಸಿದ್ದಳು.

ತೊಂದರೆ ಬಂದದ್ದು ಆ ನಗದಿನಿಂದ. ಚೀಲದ ಜಿಪ್ಪಿನಲ್ಲಿ ದಿನವೂ ನೋಟು ಬಂದು ಬೀಳುತ್ತಿದ್ದರೆ ಅದು ತನ್ನದೇ ಎನ್ನಿಸುತ್ತದೆ. ಬ್ಯಾಂಕಿನ ಬಿಲ್ಲು ಬಂದಾಗ ಅದರಲ್ಲಿ ‘ಕನಿಷ್ಠ ಇಷ್ಟು ಕಟ್ಟಿ’ ಎಂದಿರುತ್ತಿತ್ತು, ಅವಳು ಅಷ್ಟೇ ಕಟ್ಟುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ಕುರಿಯ, ಅಂದರೆ ಚೀಟಿಯ ಲೆಕ್ಕ. ಆಟೋ ಸ್ಟ್ಯಾಂಡಿನಲ್ಲಿ, ಕುಟುಂಬಶ್ರೀ ಹೆಂಗಸರ ಸಂಘದಲ್ಲಿ, ಎಲ್ಲ ಕಡೆ ನಮ್ಮವರು ಕುರಿ ಕಟ್ಟುತ್ತಾರೆ. ತಿಂಗಳ ಕಂತು ಕೊಟ್ಟರೆ ಆ ತಿಂಗಳ ಋಣ ಮುಗಿಯಿತು, ಯಾರೂ ಬಡ್ಡಿ ಕೇಳುವುದಿಲ್ಲ. ಕಾರ್ಡೂ ಹಾಗೇ ಎಂದುಕೊಂಡಳು. ಬ್ಯಾಂಕಿನವರೇ ಇಷ್ಟು ಸಾಕು ಅನ್ನುವಾಗ ಹೆಚ್ಚು ಯಾಕೆ ಕೊಡಬೇಕು ಎಂಬುದು ಅವಳ ವಾದ. ಉಳಿದದ್ದಕ್ಕೆ ಬಡ್ಡಿ, ಬಡ್ಡಿಗೆ ಬಡ್ಡಿ ಬೆಳೆಯುತ್ತಿರುವುದು ಅವಳ ತಲೆಗೆ ಹೋಗಲೇ ಇಲ್ಲ. ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ, ಆದರೆ ಎಲ್ಲರಿಗೂ ವಸ್ತು ತರಿಸಿಕೊಡುವವಳು ನನ್ನನ್ನು ಯಾಕೆ ಕೇಳಿಯಾಳು.

ಹೋದ ವರ್ಷ ಓಣಂಗೆ ಮೊದಲು ಬೋಗಿಯಲ್ಲಿ ಒಂದು ತೀರ್ಮಾನ ಆಯಿತು. ನಾವಿರುವುದು ಕೇರಳದ ಗಡಿಯೊಳಗೆ, ಕೆಲಸ ಮಂಗಳೂರಿನಲ್ಲಿ. ಅಲ್ಲಿ ಓಣಂಗೆ ರಜೆ ಇಲ್ಲ, ಆದ್ದರಿಂದ ನಮ್ಮ ಓಣಂ ರೈಲಿನಲ್ಲೇ. ನೆಲದ ಮೇಲೆ ಪೇಪರು ಹಾಸಿ ಪೂಕಳಂ ಎಂಬ ಹೂವಿನ ರಂಗೋಲಿ ಹಾಕುತ್ತೇವೆ, ಲೋಟದಲ್ಲಿ ಪಾಯಸ ಹಂಚುತ್ತೇವೆ. ಈ ಸಲ ಎಲ್ಲರೂ ಒಂದೇ ತರದ ಕೇರಳ ಸೀರೆ ಉಡುವುದು, ಕೆಂಪು ಅಂಚಿನದು ಎಂದು ಮಾತಾಯಿತು. ಹಣ ಒಟ್ಟು ಮಾಡುವುದು ಲೋಲಾಕ್ಷಿ. ಅವಳ ಕಾರ್ಡಿಗೆ ಅಂಗಡಿಯಲ್ಲಿ ರಿಯಾಯಿತಿ ಇತ್ತು. ಎರಡು ಸಂಬಳದಲ್ಲಿ ಎಲ್ಲರೂ ಹಣ ಕೊಟ್ಟು ಮುಗಿಸಿದರು, ನಾನೂ ಕೊಟ್ಟೆ.

ಅದೇ ದಿನಗಳಲ್ಲಿ ದೀಪ್ತಿ ತಮ್ಮನ ಮನೆ ಒಕ್ಕಲಿಗೆ ಹೋಗಿ ಬಂದವಳು ಹೊಸ ಬೆಂಡೋಲೆ ಹಾಕಿಕೊಂಡಿದ್ದಳು. ಸಣ್ಣದು, ಕೆಂಪು ಹರಳಿನದು. ತಲೆ ತಿರುಗಿಸಿದಾಗಲೆಲ್ಲ ಮಿನುಗುತ್ತಿತ್ತು. ಲೋಲಾಕ್ಷಿ ಆ ಬೆಳಿಗ್ಗೆ ಉಳ್ಳಾಲದವರೆಗೆ ಕಿಟಕಿಯ ಹೊರಗೇ ನೋಡಿದಳು. ವಾರ ಕಳೆಯುವುದರೊಳಗೆ ಅವಳ ಕಿವಿಯಲ್ಲೂ ಬೆಂಡೋಲೆ ಬಂತು. ಯೋಗೀಶ ಮಾಡಿಸಿದ್ದು ಎಂದಳು. ಆದರೆ ಚಿನ್ನದ ಅಂಗಡಿಯಲ್ಲಿ ಅವಳು ಕೊಟ್ಟದ್ದು ಬೋಗಿಯ ಓಣಂ ಹಣ ಎಂದು ನನಗೆ ಆಮೇಲೆ ತಿಳಿಯಿತು. ಸೀರೆಗೆ ಕಾರ್ಡು ಇದೆಯಲ್ಲ, ಆಮೇಲೆ ನಿಧಾನಕ್ಕೆ ಕಟ್ಟಿದರಾಯಿತು ಎಂಬ ಲೆಕ್ಕ.

ಸೀರೆ ತರಲು ಒಂದು ಸಂಜೆ ನಾವು ಮೂವರು ಹಂಪನಕಟ್ಟೆಯ ಹತ್ತಿರದ ಅಂಗಡಿಗೆ ಹೋದೆವು. ಆರಿಸಿದ್ದು ದೀಪ್ತಿ, ಚೌಕಾಸಿ ಮಾಡಿದ್ದು ನಾನು. ಕಟ್ಟುಗಳನ್ನು ಕೌಂಟರಿನ ಮೇಲೆ ಪೇರಿಸಿದ ಮೇಲೆ ಲೋಲಾಕ್ಷಿ ಮುಂದೆ ಬಂದು ಕಾರ್ಡು ಕೊಟ್ಟಳು. ಕೊಡುವಾಗ ದೀಪ್ತಿಯ ಕಡೆ ಒಂದು ಸಲ ನೋಡಿದ್ದನ್ನು ನಾನು ಕಂಡೆ. ಯಂತ್ರ ಕಾರ್ಡನ್ನು ಒಪ್ಪಲಿಲ್ಲ. ಇನ್ನೊಮ್ಮೆ ಉಜ್ಜಿದರು, ಆಗಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಎಂದಳು. ಅಂಗಡಿಯವನು ಮರ್ಯಾದೆಯಿಂದಲೇ ಹೇಳಿದ: “ನೆಟ್‌ವರ್ಕ್ ಉಂಟಕ್ಕ. ಲಿಮಿಟ್ ಮುಗಿದದ್ದು. ಬೇರೆ ಕಾರ್ಡ್ ಉಂಟಾ?”

ಹಿಂದೆ ಜನ ನಿಂತಿದ್ದರು. ಲೋಲಾಕ್ಷಿಯ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ. ದೀಪ್ತಿ ಏನೂ ಆಗದವಳ ಹಾಗೆ ಫೋನು ತೆಗೆದು ಅಷ್ಟೂ ಹಣ ಕಟ್ಟಿದಳು. ಟ್ರೈನಿಗೆ ತಡ ಆಗ್ತದೆ, ನಾಳೆ ಕೊಟ್ಟರೆ ಸಾಕು ಲೋಲಾಕ್ಷಕ್ಕ ಎಂದಳು. ನಾಳೆ ಕೊಡಲು ಲೋಲಾಕ್ಷಿಯ ಹತ್ತಿರ ಏನಿತ್ತು? ಎರಡು ದಿನ ಅವಳು ರಜೆ ಹಾಕಿದಳು. ಮೂರನೆಯ ದಿನ ಬಂದು ದೀಪ್ತಿಯ ಕಿವಿಯಲ್ಲಿ ಪಿಸುಗುಟ್ಟಿದಳು, ದೀಪ್ತಿಯೂ ಪಿಸುಗುಟ್ಟಿದಳು. ಎದುರು ಕೂತ ನನಗೆ ಎಲ್ಲ ಕೇಳಿತು. ಆದಾಗ ಕೊಡಿ, ಈ ವಿಷಯ ಬೋಗಿಯಲ್ಲಿ ಯಾರಿಗೂ ಗೊತ್ತಾಗುವುದು ಬೇಡ ಎಂದಳು ದೀಪ್ತಿ. ಆ ಮಾತನ್ನು ಅವಳು ಉಳಿಸಿಕೊಂಡಳು. ಒಂದು ದಿನವೂ, ಒಂದು ನೋಟದಲ್ಲೂ ಅದನ್ನು ಹೊರಗೆ ಬಿಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ದೇವರ ಹಾಗೆ ಬಂದಳು ಎನ್ನುತ್ತಿದ್ದರು. ಲೋಲಾಕ್ಷಿಗೆ ಅದು ವಿಷವಾಯಿತು. ವಾಚು, ಚೀಲ, ಬೆಂಡೋಲೆಯಲ್ಲಿ ಮುಂದಿದ್ದದ್ದು ಸಾಲದೆ ಒಳ್ಳೆಯತನದಲ್ಲೂ ಅವಳೇ ಮುಂದಾದಳಲ್ಲ ಎಂದು. “ನನ್ನ ಮಾನ ಅವಳ ಚೀಲದಲ್ಲಿ ಉಂಟು ಪ್ರೇಮಕ್ಕ. ಬೇಕಾದಾಗ ತೆಗೆದು ತೋರಿಸ್ಬಹುದು. ತೋರಿಸುದಿಲ್ಲ, ಅದೇ ನನಗೆ ಆಗುದಿಲ್ಲ” ಎಂದಳು ನನ್ನೊಡನೆ. ಓಣಂ ದಿನ ಎಲ್ಲರೂ ಕೆಂಪು ಅಂಚಿನ ಸೀರೆಯುಟ್ಟು ಫೋಟೋ ತೆಗೆಸಿಕೊಂಡರು. ಲೋಲಾಕ್ಷಿ ಪಾಯಸ ಮುಟ್ಟಲಿಲ್ಲ.

ಆಮೇಲೆ ಅವಳು ಮಾಡಿದ್ದು ಶುದ್ಧ ಹುಚ್ಚು. ಸಂಬಳ ಬಂದ ಸಂಜೆ ಮಂಗಳೂರು ಸ್ಟೇಷನ್ನಿನ ಹೆಂಗಸರ ಕೋಣೆಯಲ್ಲಿ ದೀಪ್ತಿಯ ಕೈಗೆ ಲಕೋಟೆ ಕೊಡುವಳು. ಅವಸರ ಇಲ್ಲ ಎಂದರೂ ಬಿಡುವುದಿಲ್ಲ. ಮನೆಗೆ ಸಾಮಾನು ಕಡಿಮೆ ತಂದಾದರೂ ಅಲ್ಲಿಗೆ ಕೊಡಬೇಕು. ಬ್ಯಾಂಕಿಗೆ ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಕಾರ್ಡಿನ ಬಾಕಿ ಲಕ್ಷ ದಾಟಿತ್ತು. ಕಂತು ತಪ್ಪಿದ್ದಕ್ಕೆ ದಂಡ ಬೇರೆ. ವಿಷಯ ತಿಳಿದ ದಿನ ನಾನು ಅವಳನ್ನು ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಿಸಿ ಬೈದೆ. ಬ್ಯಾಂಕು ನೂರಕ್ಕೆ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ ಎಳೆಯುತ್ತದೆ, ದೀಪ್ತಿ ಒಂದು ಪೈಸೆಯೂ ಕೇಳುವುದಿಲ್ಲ. ಉರಿಯುವ ಕಡೆ ನೀರು ಹಾಕುವುದು ಬಿಟ್ಟು ಆರಿದ ಕಡೆ ಹಾಕುತ್ತೀಯಲ್ಲ, ನಿನಗೆ ಬುದ್ಧಿ ಉಂಟಾ ಎಂದು ಕೇಳಿದೆ.

“ಎಲ್ಲ ಗೊತ್ತುಂಟು ಪ್ರೇಮಕ್ಕ,” ಎಂದಳು ಲೋಲಾಕ್ಷಿ. “ಆದರೆ ಬ್ಯಾಂಕಿನವ ದಿನಾ ಬೆಳಿಗ್ಗೆ ನನ್ನ ಪಕ್ಕದಲ್ಲಿ ಬಂದು ಕೂರುದಿಲ್ಲ.”

ಬೆಂಡೋಲೆಯಾದರೂ ಮಾರು ಎಂದೆ. ಮಾರಿದರೆ ಕಿವಿಯಲ್ಲಿ ಹಳೆಯ ಬೆಂಡು ಮೊದಲು ಕಾಣುವುದು ಯಾರಿಗೆ ಎಂದು ಕೇಳಿದಳು. ನಾನು ಹಣೆ ಚಚ್ಚಿಕೊಂಡು ಆಫೀಸಿಗೆ ಹೋದೆ.

ಹೀಗೆ ಹೊಸ ವರ್ಷ ಕಳೆಯಿತು. ಒಂದು ಬೆಳಿಗ್ಗೆ ಮಂಜೇಶ್ವರ ಬಿಟ್ಟ ಸ್ವಲ್ಪದರಲ್ಲೇ ದೀಪ್ತಿಯ ಫೋನು ಹೊಡೆಯಿತು. ಹಿಂದಿನ ಸಂಜೆಯಷ್ಟೇ ಲೋಲಾಕ್ಷಿ ಆ ತಿಂಗಳ ಲಕೋಟೆ ಕೊಟ್ಟಿದ್ದಳು. ದೀಪ್ತಿ ಹಲೋ ಎಂದಳು, ಸ್ವಲ್ಪ ಹೊತ್ತು ಕೇಳಿದಳು, ಕಣ್ಣು ಒಮ್ಮೆ ಪಕ್ಕಕ್ಕೆ ಹೋಗಿ ಬಂತು. ಆ ಕಡೆಯವನ ಸ್ವರ ಜೋರಾಗಿತ್ತು. ಮಾತು ತಿಳಿಯದಿದ್ದರೂ ಲೋಲಾಕ್ಷಿಯ ಹೆಸರು ನನಗೆ ಕೇಳಿಸಿತು, ಅವಳಿಗೂ ಕೇಳಿಸಿತು. ಕಾರ್ಡು ಮಾಡಿಸುವಾಗ ಹೆಮ್ಮೆಯಿಂದ ಬರೆಸಿದ ನಂಬರಿಗೆ ವಸೂಲಿಯವರು ಫೋನು ಮಾಡಿದ್ದರು.

“ಹೌದು, ಗೊತ್ತುಂಟು ನನಗೆ,” ಎಂದಳು ದೀಪ್ತಿ. ಸ್ವರ ಏರಿಸಲಿಲ್ಲ. “ಅವರು ಕೊಡ್ತಾರೆ. ಕೊಡದೆ ಇರುವ ಜನ ಅಲ್ಲ. ಇನ್ನು ಈ ನಂಬರಿಗೆ ಮಾಡ್ಬೇಡಿ.” ಫೋನು ಚೀಲದೊಳಗೆ ಹಾಕಿದ ಕೈ ಹೊರಗೆ ಬಂದದ್ದು ಆ ಲಕೋಟೆಯ ಜೊತೆ. ಅದನ್ನು ಯಾರಿಗೂ ಕಾಣದ ಹಾಗೆ ಲೋಲಾಕ್ಷಿಯ ಮಡಿಲಲ್ಲಿಟ್ಟಳು. “ಮೊದಲು ಅಲ್ಲಿ ಕಟ್ಟಿ, ಲೋಲಾಕ್ಷಕ್ಕ. ನನ್ನದು ಎಲ್ಲದರ ಕೊನೆಗೆ ಸಾಕು.”

ನೇತ್ರಾವತಿ ಸೇತುವೆ ಬಂತು, ಹೋಯಿತು. ಲಕೋಟೆ ಮಡಿಲಲ್ಲೇ ಇತ್ತು. ಅದನ್ನು ತಿರುಗಿ ಕೊಟ್ಟರೆ ಬ್ಯಾಂಕಿನವರು ಮತ್ತೆ ಫೋನು ಮಾಡುತ್ತಾರೆ, ಇವತ್ತಲ್ಲ ನಾಳೆ ಇಡೀ ಬೋಗಿಗೆ ಗೊತ್ತಾಗುತ್ತದೆ. ಇಟ್ಟುಕೊಂಡರೆ ಇನ್ನೆಷ್ಟು ಕಾಲ ಈ ಹೆಂಗಸಿನ ಋಣದಲ್ಲಿ ಪಕ್ಕದಲ್ಲೇ ಕೂರಬೇಕೋ. ರೈಲು ನಿಲ್ಲುವ ಹೊತ್ತಿಗೆ ಲೋಲಾಕ್ಷಿ ಲಕೋಟೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಅವಳು ಮಾಡಿದ ಕೆಲಸಗಳಲ್ಲಿ ಅದು ಎಲ್ಲಕ್ಕಿಂತ ಕಷ್ಟದ್ದು ಎಂದು ನಾನು ಈಗಲೂ ನಂಬುತ್ತೇನೆ. ‘ಅವಳು ನನಗೆ ಒಂದು ಹೊಡೆತ ಹೊಡೆದಿದ್ದರೆ ಒಳ್ಳೆದಿತ್ತು’ ಎಂದಳು ಲೋಲಾಕ್ಷಿ ಇಳಿಯುವಾಗ.

ಆ ಸಂಜೆ ಅವಳು ಗಂಡನಿಗೆ ಎಲ್ಲ ಹೇಳಿದಳು. ಯೋಗೀಶ ಬೈಯುತ್ತಾನೆ ಎಂದುಕೊಂಡಿದ್ದಳು, ಅವನು ಬೈಯಲಿಲ್ಲ. ಬಾಕಿ ಎಷ್ಟು ಎಂದು ಕೇಳಿದ. ಫೋನು ಯಾಕೆ ಟೀಚರಿಗೆ ಹೋಯಿತು ಎಂದು ಕೇಳಿದ. ಗುರುತಿನವರೆಂದು ಅವರ ಹೆಸರು ಕೊಟ್ಟದ್ದು ಎಂದಾಗ ಮಾತ್ರ ಅವನ ಮುಖ ಸಣ್ಣದಾಯಿತಂತೆ. “ಆಟೋದವನ ಹೆಸರು ಬ್ಯಾಂಕಿಗೆ ಸಾಕಾಗುದಿಲ್ವಾ?” ಎಂದಷ್ಟೇ ಕೇಳಿ ಹೊರಗೆ ಹೋದ. ಸ್ಟ್ಯಾಂಡಿನ ಕುರಿಯಲ್ಲಿ ಅವನ ಸರದಿ ಬರುವುದಿತ್ತು, ಆಟೋದ ಎಂಜಿನ್ ಕೆಲಸಕ್ಕೆಂದು ಇಟ್ಟದ್ದು. ಆ ಹಣ ಬಂದಾಗ ತಂದು ಅವಳ ಮುಂದಿಟ್ಟ. ಆಟೋ ಮುಂದೆಯೂ ಹೊಗೆ ಉಗುಳಿಕೊಂಡೇ ಓಡಿತು.

ಬೆಂಡೋಲೆ ಮಾರಿದಳು. ಚಿನ್ನದ ಬೆಲೆ ಏರಿತ್ತು, ಅದೊಂದು ಪುಣ್ಯ. ಬ್ಯಾಂಕಿಗೆ ನಾನೂ ಜೊತೆಗೆ ಹೋದೆ. ಎರಡೂ ಹಣ ಸೇರಿಸಿ ದೊಡ್ಡ ಪಾಲು ಕಟ್ಟಿ, ಉಳಿದದ್ದನ್ನು ಕಡಿಮೆ ಬಡ್ಡಿಯ ಕಂತಿಗೆ ಹಾಕಿಸಿದೆವು. ಕಾರ್ಡನ್ನು ಆಸ್ಪತ್ರೆಯಲ್ಲಿ ಬ್ಯಾಂಡೇಜು ಕತ್ತರಿಸುವ ಕತ್ತರಿಯಿಂದ ತುಂಡು ಮಾಡಿದಳು. ಬೋಗಿಯಲ್ಲಿ ಯಾರಾದರೂ ಏನಾದರೂ ತರಿಸಿಕೊಡು ಎಂದರೆ ಕಾರ್ಡು ಇಲ್ಲ ಎಂದು ನೇರ ಹೇಳುತ್ತಿದ್ದಳು. ಆಮೇಲೆ ಅವಳಿಗೆ ಜಾಗ ಸರಿಸುವವರು ಕಡಿಮೆಯಾದರು. ಅದು ಅವಳಿಗೆ ನೋವಾಯಿತು, ಕಾರ್ಡು ಹೋದದ್ದಕ್ಕಿಂತ ಹೆಚ್ಚು.

ಹೊಟ್ಟೆಕಿಚ್ಚು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದಕ್ಕೆ ಅವಳು ಹುಡುಕಿಕೊಂಡ ಮದ್ದು ನಿದ್ದೆ. ದೀಪ್ತಿ ಏನಾದರೂ ಹೊಸತು ಹಾಕಿಕೊಂಡು ಹತ್ತಿದರೆ ಲೋಲಾಕ್ಷಿಗೆ ತಕ್ಷಣ ನಿದ್ದೆ ಬರುತ್ತಿತ್ತು. ತಲೆಯನ್ನು ಕಿಟಕಿಯ ಸರಳಿಗೆ ಒರಗಿಸಿ ಕಣ್ಣು ಬಿಗಿಯಾಗಿ ಮುಚ್ಚುವಳು. ಅವಳು ಮಲಗಿದ್ದನ್ನು ನೋಡಿ ನಾವು ದೀಪ್ತಿಯ ಮೈಮೇಲೆ ಹೊಸತು ಯಾವುದೆಂದು ಹುಡುಕುತ್ತಿದ್ದೆವು. ಒಮ್ಮೆ ವಾರವಿಡೀ ಮಲಗಿದಳು. ಆ ವಾರ ದೀಪ್ತಿ ಹೊಸ ಫೋನು ತಂದಿದ್ದಳು.

ಮಳೆಗಾಲದ ನಡುವೆ ಬ್ಯಾಂಕಿನಿಂದ ಬಾಕಿ ಏನೂ ಇಲ್ಲ ಎಂಬ ಮೆಸೇಜು ಬಂತು. ಅದನ್ನು ನನಗೆ ಉಪ್ಪಳದಲ್ಲಿ ತೋರಿಸಿದಳು, ಉಳ್ಳಾಲದಲ್ಲಿ ಮತ್ತೆ ತೋರಿಸಿದಳು. ಮಧೂರಿನ ಗಣಪತಿ ದೇವಸ್ಥಾನಕ್ಕೆ ಹೋಗಿ ಅಪ್ಪದ ಸೇವೆಗೆ ಕೊಡುತ್ತೇನೆ ಎಂದಳು, ಹೋಗಿ ಕೊಟ್ಟೂ ಬಂದಳು. ಆ ತಿಂಗಳಿಂದ ದೀಪ್ತಿಯ ಲಕೋಟೆ ಮತ್ತೆ ಸುರುವಾಯಿತು. ಈ ಸಲ ದೊಡ್ಡ ಲಕೋಟೆ. ಓಣಂ ಹತ್ತಿರ ಬರುವಾಗ ಒಂದು ಕೊನೆಯದು ಉಳಿದಿತ್ತು.

ಬೋಗಿಯಲ್ಲಿ ಮತ್ತೆ ಸೀರೆಯ ಮಾತು ಬಂತು. ಈ ವರ್ಷ ಹಸಿರು ಅಂಚು, ಅದರಲ್ಲಿ ನವಿಲು. ಹಣ ಒಟ್ಟು ಮಾಡಲು ನರ್ಸು ಹುಡುಗಿಯೊಬ್ಬಳು ಮುಂದೆ ಬಂದಳು. ನನಗೆ ಬೇಡ, ಹೋದ ವರ್ಷದ್ದೇ ಉಡುತ್ತೇನೆ ಎಂದಳು ಲೋಲಾಕ್ಷಿ. ಹೇಳುವಾಗ ತಲೆ ತಗ್ಗಿಸಲಿಲ್ಲ. ಒಂದಿಬ್ಬರು ಮುಖ ಮುಖ ನೋಡಿಕೊಂಡರು, ಮಾತು ಮುಂದೆ ಹೋಯಿತು. ದೀಪ್ತಿ ಆ ದಿನ ಬಂದಿರಲಿಲ್ಲ. ಇಪ್ಪತ್ತು ಹಸಿರಿನ ನಡುವೆ ಕೆಂಪು ಅಂಚು ನನ್ನೊಬ್ಬಳದೇ ಇರ್ತದೆ, ಇರಲಿ, ನೋಡುವವರು ನೋಡಲಿ ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಅವಳ ಮುಖದಲ್ಲಿ ನಾನು ಹೆಮ್ಮೆಯನ್ನು ಕಂಡೆ. ಅದಕ್ಕೆ ಅವಳು ಕಾಸು ಖರ್ಚು ಮಾಡಿರಲಿಲ್ಲ.

ಓಣಂ ದಿನ ಬೆಳಿಗ್ಗೆ ಲೋಲಾಕ್ಷಿ ಉಪ್ಪಳದಲ್ಲಿ ಹತ್ತಿದಾಗ ನಿಜಕ್ಕೂ ಚೆಂದ ಕಾಣುತ್ತಿದ್ದಳು. ತಲೆಗೆ ಮಲ್ಲಿಗೆ, ಕಿವಿಯಲ್ಲಿ ಮದುವೆಯ ಕಾಲದ ಸಣ್ಣ ಬೆಂಡು, ಕೆಂಪು ಅಂಚನ್ನು ಗಂಜಿ ಹಾಕಿ ನಿಲ್ಲಿಸಿದ್ದಳು. ಪೂಕಳಂ ಹಾಕುತ್ತಿದ್ದವರು ತಲೆಯೆತ್ತಿ ನೋಡಿದರು. ಪರವಾಗಿಲ್ಲ ಮಾರಾಯ್ತಿ, ಹಳತಾದರೂ ಚೆಂದವೇ ಉಂಟು ಎಂದಳು ಒಬ್ಬಳು. ಕಾಯಿಲೆಯವರನ್ನು ವಿಚಾರಿಸುವಾಗಿನ ಸ್ವರ ಅದು. ಲೋಲಾಕ್ಷಿ ನಕ್ಕಳು, ತನ್ನ ಜಾಗದಲ್ಲಿ ನೆಟ್ಟಗೆ ಕೂತಳು.

ಮಂಜೇಶ್ವರ ಬಂತು. ದೀಪ್ತಿ ಹತ್ತಿದಳು, ಕೆಂಪು ಅಂಚಿನ ಸೀರೆಯಲ್ಲಿ.

ಅವಳಿಗೆ ಯಾರು ಹೇಳಿದ್ದರೋ. ಲೋಲಾಕ್ಷಿ ಒಂಟಿಯಾಗಬಾರದು ಎಂದೇ ಉಟ್ಟು ಬಂದಿರಬೇಕು, ಅವಳ ಸ್ವಭಾವವೇ ಹಾಗೆ. ಬೋಗಿ ಇಡೀ ಅವಳ ಕಡೆ ತಿರುಗಿತು. ಟೀಚರ್ ಎಷ್ಟು ಸಿಂಪಲ್ ನೋಡಿ ಎಂದಳು ಹಸಿರು ಅಂಚಿನ ಒಬ್ಬಳು. ಇಷ್ಟಿದ್ದರೂ ಒಂದು ಜಂಬ ಇಲ್ಲ ಎಂದಳು ಇನ್ನೊಬ್ಬಳು. ಒಂದೇ ಅಂಗಡಿ, ಒಂದೇ ದಿನ, ಒಂದೇ ಬೆಲೆಯ ಸೀರೆ. ಲೋಲಾಕ್ಷಿಯ ಮೈಮೇಲೆ ಅದು ‘ಪಾಪ’ ಎನ್ನಿಸಿತ್ತು, ದೀಪ್ತಿಯ ಮೈಮೇಲೆ ದೊಡ್ಡ ಗುಣವಾಯಿತು. ನನ್ನ ಹೊಟ್ಟೆಯೂ ಒಮ್ಮೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ದೀಪ್ತಿ ನಗುತ್ತಾ ಬಂದು ಲೋಲಾಕ್ಷಿಯ ಪಕ್ಕದಲ್ಲಿ ಕೂತು, ನಾವಿಬ್ಬರು ಜೋಡಿ ಎಂದಳು.

ಲೋಲಾಕ್ಷಿ ಮಲಗುತ್ತಾಳೆ ಎಂದುಕೊಂಡೆ. ಅವಳು ಎದ್ದು ನಿಂತಳು. ಚೀಲದಿಂದ ಲಕೋಟೆ ತೆಗೆದು ದೀಪ್ತಿಯ ಮುಂದೆ ಹಿಡಿದಳು, ಎಲ್ಲರಿಗೂ ಕಾಣುವ ಹಾಗೆ.

“ಎಲ್ಲರೂ ಕೇಳಿ ಒಮ್ಮೆ,” ಎಂದಳು. “ಹೋದ ವರ್ಷ ಸೀರೆಗೆ ನೀವು ಕೊಟ್ಟ ಹಣ ನಾನು ಖರ್ಚು ಮಾಡಿದ್ದೆ. ನಿಮ್ಮ ಸೀರೆಗೆ ಹಣ ಕೊಟ್ಟದ್ದು ಟೀಚರ್. ಇದು ಅದರ ಕೊನೆಯ ಕಂತು. ಇವತ್ತಿಗೆ ಮುಗಿಯಿತು.”

ಹೂವು ಬಿಡಿಸುತ್ತಿದ್ದ ಕೈಗಳು ನಿಂತವು. ಪಾಯಸದ ಪಾತ್ರೆ ಹಿಡಿದವಳು ಹಾಗೇ ಹಿಡಿದುಕೊಂಡಿದ್ದಳು. ನಾನು ನೋಡಿದ್ದು ದೀಪ್ತಿಯ ಮುಖವನ್ನು. ಇಷ್ಟು ವರ್ಷಗಳಲ್ಲಿ ಆ ಮುಖ ಬಣ್ಣಗೆಟ್ಟದ್ದನ್ನು ನಾನು ಕಂಡಿರಲಿಲ್ಲ. ಲಕೋಟೆಯನ್ನು ಅವಳು ಕೂಡಲೇ ತೆಗೆದುಕೊಳ್ಳಲಿಲ್ಲ.

“ಎಲ್ಲರ ಎದುರು ಹೇಳುವ ಅಗತ್ಯ ಇರಲಿಲ್ಲ, ಲೋಲಾಕ್ಷಕ್ಕ,” ಎಂದಳು. “ನಾನು ಯಾರ ಹತ್ತಿರವೂ ಹೇಳಿರಲಿಲ್ಲ.”

“ಅದಕ್ಕೇ ಹೇಳಿದ್ದು, ಟೀಚರೇ.”

ದೀಪ್ತಿ ಲಕೋಟೆ ತೆಗೆದುಕೊಂಡಳು. ಅದನ್ನು ಚೀಲಕ್ಕೆ ಹಾಕಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಒಂದು ವರ್ಷ ಜೋಪಾನವಾಗಿ ಇಟ್ಟುಕೊಂಡದ್ದನ್ನು ಯಾರೋ ಕೇಳದೆ ತೆಗೆದುಕೊಂಡು ಹೋದ ಹಾಗೆ ಕೂತಿದ್ದಳು. ಬೋಗಿಯಲ್ಲಿ ಗುಸುಗುಸು ಎದ್ದಿತು. ನಮ್ಮ ಸೀರೆ ನಮಗೆ ಸಿಕ್ಕಿತ್ತಲ್ಲ, ಇನ್ನು ಎಂತಕ್ಕೆ ಅದು ಎಂದು ಪಾಯಸದವಳು ಲೋಟ ಹಂಚಲು ತೊಡಗಿದಳು. ಕುಂಬಳೆಯ ಇಬ್ಬರು ಮಾತ್ರ ಲೋಲಾಕ್ಷಿಯ ಕಡೆ ಬೆನ್ನು ಹಾಕಿ ಕೂತರು. ಅವರು ಇಂದಿಗೂ ಅವಳೊಡನೆ ಸರಿಯಾಗಿ ಮಾತಾಡುವುದಿಲ್ಲ. ಲೋಲಾಕ್ಷಿ ಕೂತು ಲೋಟ ತೆಗೆದುಕೊಂಡು ಪಾಯಸವನ್ನು ಪೂರ್ತಿ ಕುಡಿದಳು.

ಉಳ್ಳಾಲ ದಾಟಿದ ಮೇಲೆ ಅವಳ ಕಣ್ಣು ಪಕ್ಕಕ್ಕೆ ಹೋಯಿತು. ದೀಪ್ತಿಯ ಸೀರೆಯ ನೆರಿಗೆಯ ಮೇಲೆ ನಿಂತಿತು, ಅಲ್ಲಿಂದ ಸೆರಗಿಗೆ ಏರಿತು. ಅಷ್ಟು ಹೊತ್ತು ಕೂತರೂ ಒಂದು ಮುದುಡು ಇರಲಿಲ್ಲ. ತನ್ನ ಸೀರೆಯ ಗಂಜಿ ಮೊಣಕಾಲಿನ ಹತ್ತಿರ ಒಡೆದು ಗೆರೆ ಬಿದ್ದಿತ್ತು.

“ಟೀಚರೇ,” ಎಂದಳು, “ಇದಕ್ಕೆ ಇಸ್ತ್ರಿ ಎಲ್ಲಿ ಹಾಕಿಸಿದ್ದು?”

“ಮನೆಯಲ್ಲೇ. ನಾನೇ ಹಾಕಿದ್ದು,” ಎಂದಳು ದೀಪ್ತಿ, ಕಿಟಕಿಯ ಹೊರಗೆ ನೋಡುತ್ತಾ.

ಲೋಲಾಕ್ಷಿ ತಲೆಯಾಡಿಸಿದಳು. ಮಂಗಳೂರಿನಲ್ಲಿ ರೈಲು ನಿಂತು, ದೀಪ್ತಿ ಮುಂದಿನ ಬಾಗಿಲಿನಿಂದ ಇಳಿದು ಹೋಗುವವರೆಗೆ ಕಾದಳು. ಆಮೇಲೆ ನನ್ನ ಕೈ ಹಿಡಿದು ಎಳೆದು, ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು:

“ಸುಳ್ಳು, ಪ್ರೇಮಕ್ಕ. ಅಂಗಡಿಗೆ ಕೊಟ್ಟೇ ಹಾಕಿಸಿದ್ದು.”